ಪರದೇಶದ ಮಗು ಮನೆಗೆ ಬಂದಾಗ

ಶರಣಧರ್ಮದಲ್ಲಿ ದಾಸೋಹಕ್ಕಿರುವ ಹಿರಿಮೆಯನ್ನು ಸದ್ಭಕ್ತ ಓದುಗರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಹಸಿದು ಬಂದವರಿಗೆ ಉಣಬಡಿಸುವುದು, ದಣಿದು ಬಂದವರಿಗೆ ಪಡಸಾಲೆಯಲ್ಲಿ ಹಾಸಿಕೊಡುವುದು ನಮ್ಮ ಮನೆತನಗಳಲ್ಲಿ ತಲೆಮಾರುಗಳಿಂದ ನಡೆದುಬಂದ ಆಚಾರ. ಈಗ ಆ ದಾಸೋಹದ ಇನ್ನೊಂದು ಬಗೆ ನಮ್ಮ ಹೊಸ್ತಿಲಿಗೆ ಬಂದು ನಿಂತಿದೆ. ರೋಟರಿಯಂಥ ಸಂಸ್ಥೆಗಳ ವಿದ್ಯಾರ್ಥಿ ವಿನಿಮಯ ಯೋಜನೆಗಳ ಮೂಲಕ ಹೈಸ್ಕೂಲು, ಕಾಲೇಜು ಓದುವ ವಯಸ್ಸಿನ ಪರದೇಶದ ಮಕ್ಕಳು ಭಾರತದ ಮನೆಗಳಿಗೂ ಬಂದು ತಿಂಗಳುಗಟ್ಟಲೆ ಇದ್ದು ಹೋಗುತ್ತಾರೆ. ಅವರ ಮಾತು ಬೇರೆ, ಊಟ ಬೇರೆ, ದೇವರನ್ನು ಕರೆಯುವ ಹೆಸರೂ ಬೇರೆ. ಅಂಥ ಮಗುವನ್ನು ಮನೆಯೊಳಗೆ ಇರಿಸಿಕೊಳ್ಳುವ ಕ್ರಮ ಯಾವುದು? ಹೊತ್ತಿಗೆ ಅನ್ನವಿಕ್ಕಿದರೆ ಸಾಕೆ? ನಮ್ಮದೇ ಮಗುವೆಂದು ಭಾವಿಸಿ ನಮ್ಮಂತೆಯೇ ಮಾಡಿಕೊಳ್ಳಬೇಕೆ? ಉತ್ತರ ಸುಲಭವೆಂದು ಮೇಲುನೋಟಕ್ಕೆ ತೋರಿದರೂ, ಇಂಥ ಆತಿಥ್ಯವನ್ನು ದೊಡ್ಡ ಪ್ರಮಾಣದಲ್ಲಿ ನಡೆಸಿದ ನಾಡುಗಳ ಅನುಭವವನ್ನು ನೋಡಿದರೆ ಅದರ ಆಳ ಅರಿವಾಗುತ್ತದೆ.

ಚೆರ್ನೊಬಿಲ್ಲಿನ ಮಕ್ಕಳು

1986ರ ಏಪ್ರಿಲ್ 26ರಂದು ಅಂದಿನ ಸೋವಿಯತ್ ಒಕ್ಕೂಟದ ಉಕ್ರೇನಿನಲ್ಲಿ, ಚೆರ್ನೊಬಿಲ್ ಅಣುವಿದ್ಯುತ್ ಕೇಂದ್ರದ ನಾಲ್ಕನೆಯ ಘಟಕ ಸ್ಫೋಟಗೊಂಡಿತು. ಗಾಳಿ ಬೀಸಿದ ದಿಕ್ಕಿನಲ್ಲಿ ವಿಷಕಣಗಳು ಹರಡಿದವು. ನೆರೆಯ ಬೆಲಾರುಸ್, ಅದರಲ್ಲಿಯೂ ಗೋಮೆಲ್ ಮತ್ತು ಮೊಗಿಲೆವ್ ಪ್ರಾಂತಗಳು, ಇದರ ಭಾರವನ್ನು ಬಹುವಾಗಿ ಹೊತ್ತವು. ಮೊದಲ ವಾರಗಳಲ್ಲಿ ಹಸುವಿನ ಹಾಲಿನ ಮೂಲಕ ವಿಕಿರಣಯುಕ್ತ ಅಯೋಡಿನ್ ಮಕ್ಕಳ ದೇಹವನ್ನು ಸೇರಿ ಕೊರಳಿನ ಥೈರಾಯ್ಡ್ ಗ್ರಂಥಿಯಲ್ಲಿ ನೆಲೆಗೊಂಡಿತು. ಅದರ ಪರಿಣಾಮವಾಗಿ ಆ ಪ್ರದೇಶಗಳ ಸಾವಿರಾರು ಮಕ್ಕಳು ಮುಂದೆ ಥೈರಾಯ್ಡ್ ಕ್ಯಾನ್ಸರಿಗೆ ತುತ್ತಾದರು. ಅಯೋಡಿನ್ನಿನ ಶಕ್ತಿ ಎಂಟು ದಿನಗಳಿಗೊಮ್ಮೆ ಅರ್ಧಕ್ಕಿಳಿಯುತ್ತದೆ. ಆದರೆ ಅದರ ಜೊತೆಗೆ ನೆಲಕ್ಕೆ ಬಿದ್ದ ಸೀಸಿಯಂ ಎಂಬ ಧಾತುವಿನ ಶಕ್ತಿ ಅರ್ಧಕ್ಕಿಳಿಯಲು 30 ವರ್ಷ ಬೇಕು. ಅದು ಮಣ್ಣಿನಿಂದ ಹುಲ್ಲಿಗೆ, ಹುಲ್ಲಿನಿಂದ ಹಾಲಿಗೆ, ಕಾಡಿನ ಅಣಬೆಗೆ, ಹಣ್ಣಿಗೆ ಬರುತ್ತಲೇ ಇರುತ್ತದೆ. ಬಡವರು ತಮ್ಮ ಹಿತ್ತಲಿನಲ್ಲಿ ಬೆಳೆದದ್ದನ್ನು, ಕಾಡಿನಲ್ಲಿ ಆಯ್ದದ್ದನ್ನು ತಿನ್ನದೆ ಬದುಕಲಾರರು. ತಾಯಿ ಪ್ರೀತಿಯಿಂದ ಕೊಟ್ಟ ಹಾಲಿನ ಬಟ್ಟಲೇ ಮಗುವಿಗೆ ವಿಷವಾಗುವ ಸ್ಥಿತಿ ಅವರಿಗೆ ಒದಗಿತು.

ಇಂಥ ಮಕ್ಕಳನ್ನು ವರ್ಷಕ್ಕೊಮ್ಮೆ ಕೆಲವು ವಾರ ಆ ನೆಲದಿಂದ ದೂರವಿರಿಸುವ ಕಾರ್ಯ 1990ರ ಸುಮಾರಿಗೆ ಆರಂಭವಾಯಿತು. ದೇಹದೊಳಗಿನ ಸೀಸಿಯಂ ಅಲ್ಲಿಯೇ ಉಳಿಯುವುದಿಲ್ಲ, ಮೂತ್ರದೊಡನೆ ಹೊರಹೋಗುತ್ತದೆ. ದೊಡ್ಡವರಲ್ಲಿ ಅರ್ಧದಷ್ಟು ಹೋಗಲು ಸುಮಾರು ಮೂರು ತಿಂಗಳು ಹಿಡಿದರೆ, ಮಕ್ಕಳಲ್ಲಿ ಅದು ಇನ್ನೂ ಬೇಗ ನಡೆಯುತ್ತದೆ. ಆದುದರಿಂದ ಒಂದು ತಿಂಗಳು ಶುದ್ಧ ಆಹಾರ ಸೇವಿಸಿದ ಮಗುವಿನ ಮೈಯಲ್ಲಿನ ಭಾರ ಗಮನಾರ್ಹವಾಗಿ ಇಳಿಯುತ್ತದೆ. ಇದರಿಂದ ಎಲ್ಲ ರೋಗವೂ ವಾಸಿಯಾಗುತ್ತದೆಂದು ಹೇಳಲಾಗದು. ಊರಿಗೆ ಮರಳಿದ ಮೇಲೆ ಮತ್ತೆ ಅದೇ ಹಾಲು, ಅದೇ ಅಣಬೆ. ಆದರೂ ಮಗುವಿಗೆ ಒಂದಿಷ್ಟು ಉಸಿರು ಸಿಕ್ಕಿತೆಂಬುದು ಸಣ್ಣ ಮಾತಲ್ಲ.

ಕ್ಯೂಬಾ ದೇಶವು ಹವಾನಾ ನಗರದ ಬಳಿಯ ತರಾರಾ ಎಂಬಲ್ಲಿ 1990ರಿಂದ 2011ರವರೆಗೆ 20,000ಕ್ಕೂ ಮಿಕ್ಕಿ ಮಕ್ಕಳಿಗೆ ಚಿಕಿತ್ಸೆ ನೀಡಿತು. ಐರ್ಲೆಂಡಿನಲ್ಲಿ ಆಡಿ ರೋಶ್ ಎಂಬ ಮಹಿಳೆ 1991ರಲ್ಲಿ ಇದಕ್ಕೆಂದೇ ಒಂದು ಸಂಸ್ಥೆಯನ್ನು ಕಟ್ಟಿದರು. ಇಟಲಿ, ಸ್ಪೇನ್, ಜರ್ಮನಿಗಳಲ್ಲಿ ಸಾಮಾನ್ಯ ಸಂಸಾರಸ್ಥರೇ ಮುಂದೆ ಬಂದು ತಮ್ಮ ಮನೆಗಳ ಬಾಗಿಲು ತೆರೆದರು. ಇವರಲ್ಲಿ ರಾಜಮಹಾರಾಜರು ಯಾರೂ ಇರಲಿಲ್ಲ. ಸಂಬಳದಲ್ಲಿ ಸಂಸಾರ ತೂಗಿಸುವ ತಂದೆತಾಯಿಗಳು ತಮ್ಮ ಮಕ್ಕಳ ಕೋಣೆಯಲ್ಲಿ ಇನ್ನೊಂದು ಹಾಸಿಗೆ ಹಾಕಿದರು. ಮಕ್ಕಳ ಗುಂಪಿನೊಡನೆ ಅವರ ಭಾಷೆ ಬಲ್ಲ ಶಿಕ್ಷಕಿಯೋ ದುಭಾಷಿಯೋ ಬರುತ್ತಿದ್ದರು. ಅನೇಕ ಮನೆಗಳಿಗೆ ಅದೇ ಮಗು ವರ್ಷವರ್ಷವೂ ಬಂತು. 2020ರ ಮಹಾಮಾರಿಯ ಕಾಲಕ್ಕೆ ಈ ಯಾತ್ರೆಗಳಿಗೆ ತಡೆಯುಂಟಾಗುವವರೆಗೆ ಒಂದೇ ಇಟಲಿಯಲ್ಲಿ ಲಕ್ಷಾಂತರ ಸಲ ಮಕ್ಕಳು ಹೀಗೆ ಬಂದು ಹೋದರು.

ಪ್ರೀತಿಗೆ ಬಂದ ಪರೀಕ್ಷೆ

ವರ್ಷವರ್ಷವೂ ಬರುವ ಮಗುವಿನ ಮೇಲೆ ಮಮತೆ ಬೆಳೆಯುವುದು ಸಹಜ. ಆ ಮಮತೆಗೆ 2006ರಲ್ಲಿ ಕಠಿಣವಾದ ಪರೀಕ್ಷೆ ಬಂದಿತು. ಬೆಲಾರುಸಿನ ಅನಾಥಾಲಯವೊಂದರಿಂದ ಬಂದಿದ್ದ ಸುಮಾರು ಹತ್ತು ವರ್ಷದ ಬಾಲಕಿಯನ್ನು ಇಟಲಿಯ ದಂಪತಿಗಳು ಮರಳಿ ಕಳುಹಿಸಲು ಒಪ್ಪದೆ ಮೂರು ವಾರಗಳಷ್ಟು ಕಾಲ ಬಚ್ಚಿಟ್ಟರು. ಅನಾಥಾಲಯದಲ್ಲಿ ಆಕೆಗೆ ಹಿಂಸೆಯಾಗಿದೆ ಎಂಬುದು ಅವರ ದೂರು. ವಿಷಯ ನ್ಯಾಯಾಲಯಕ್ಕೂ ಎರಡು ಸರ್ಕಾರಗಳ ಜಗಳಕ್ಕೂ ಕಾರಣವಾಯಿತು. ಕೊನೆಗೆ ಮಗುವನ್ನು ಹುಡುಕಿ ತೆಗೆದು ಸ್ವದೇಶಕ್ಕೆ ಕಳುಹಿಸಿದರು. 2008ರಲ್ಲಿ ಅಮೆರಿಕಕ್ಕೆ ಹೋಗಿದ್ದ ಇನ್ನೊಬ್ಬ ಹುಡುಗಿ ತಾನಾಗಿಯೇ ಮರಳಲೊಲ್ಲೆನೆಂದಾಗ ಬೆಲಾರುಸ್ ಸರ್ಕಾರ ಮಕ್ಕಳ ಯಾತ್ರೆಗಳನ್ನೇ ತಡೆಯಿತು. ಮಕ್ಕಳನ್ನು ಅವಧಿ ಮುಗಿದೊಡನೆ ಮರಳಿಸುವುದಾಗಿ ಬರವಣಿಗೆಯಲ್ಲಿ ಮಾತುಕೊಟ್ಟ ದೇಶಗಳಿಗೆ ಮಾತ್ರ ಆಮೇಲೆ ದಾರಿ ತೆರೆಯಿತು. ಒಂದೆರಡು ಮಕ್ಕಳ ಪ್ರಸಂಗದಿಂದ ಊರಿನಲ್ಲಿ ಗಂಟುಮೂಟೆ ಕಟ್ಟಿಕೊಂಡು ಕಾದಿದ್ದ ಸಾವಿರಾರು ಮಕ್ಕಳು ತೊಂದರೆಗೆ ಸಿಲುಕಿದರು.

ಆ ದಂಪತಿಗಳ ಕರುಳನ್ನು ನಾವು ಹಳಿಯಲಾಗದು. ಮಗುವಿಗೆ ಅಪಾಯವಿದೆಯೆಂದು ನಂಬಿದ ತಾಯಿ ಬೇರೇನು ಮಾಡಿಯಾಳು ಎಂದು ಯಾರಾದರೂ ಕೇಳಿದರೆ ಆ ಮಾತಿನಲ್ಲಿ ಹುರುಳಿದೆ. ಮಗು ಹೇಳಿದ ನೋವನ್ನು ಕೇಳಿಯೂ ಕೇಳದಂತಿರುವುದು ಪಾಪ. ಅದನ್ನು ವೈದ್ಯರಿಗೆ, ನ್ಯಾಯಾಧೀಶರಿಗೆ, ಕಳುಹಿಸಿದ ಸಂಸ್ಥೆಗೆ ಧೈರ್ಯವಾಗಿ ಮುಟ್ಟಿಸುವುದು ಕರ್ತವ್ಯ. ಆದರೆ ಬಚ್ಚಿಡುವುದರಿಂದ ಮಗುವಿಗೆ ದೊರೆತದ್ದು ಭಯ ಮತ್ತು ಓಡಾಟ ಮಾತ್ರ.

ಮರಳಿ ಹೋಗಲು ಮನೆಯೇ ಉಳಿಯದ ಮಕ್ಕಳ ಕಥೆ ಬೇರೆ. 1938ರ ಡಿಸೆಂಬರಿನಿಂದ 1939ರ ಸೆಪ್ಟೆಂಬರಿನವರೆಗೆ ಹಿಟ್ಲರನ ಹಿಡಿತದ ನಾಡುಗಳಿಂದ ಸುಮಾರು 10,000 ಮಕ್ಕಳು, ಬಹುತೇಕ ಯಹೂದಿಗಳು, ತಂದೆತಾಯಿಗಳನ್ನು ಬಿಟ್ಟು ಬ್ರಿಟನ್ನಿಗೆ ಬಂದರು. ಅವರಲ್ಲಿ ಅನೇಕರ ತಂದೆತಾಯಿಗಳು ಮುಂದೆ ಕೊಲೆಯಾಗಿ ಹೋದರು. ಬಾಗಿಲು ತೆರೆದ ಮನೆಗಳು ಆ ಮಕ್ಕಳ ಪ್ರಾಣ ಉಳಿಸಿದುವೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಕ್ರೈಸ್ತ ಮನೆಗಳಲ್ಲಿ ಬೆಳೆದ ಕೆಲವು ಮಕ್ಕಳು ತಾಯ್ನುಡಿಯನ್ನೂ ಹಿರಿಯರ ಧರ್ಮವನ್ನೂ ಕಳೆದುಕೊಂಡರು. ಒಳ್ಳೆಯ ಮನಸ್ಸಿನಿಂದಲೇ ಇದು ನಡೆಯಿತೆಂಬುದನ್ನು ನಾವು ಗಮನಿಸಬೇಕು. ಅನ್ನ ಕೊಟ್ಟ ಕೈ ಅರಿವಿಲ್ಲದೆಯೇ ಮಗುವಿನ ಗುರುತನ್ನು ತೆಗೆದುಕೊಂಡೀತು.

ಪ್ರಸಾದಕುಂಡದ ಪಾಠ

ನಮ್ಮ ಪರಂಪರೆಯಲ್ಲಿ ಇದಕ್ಕೆ ಸಂವಾದಿಯಾದ ಒಂದು ಪ್ರಸಂಗವಿದೆ. ಅಫ್ಘಾನಿಸ್ತಾನದ ಕಡೆಯಿಂದ ಕಲ್ಯಾಣಕ್ಕೆ ಬಂದವನೆಂದು ಹೇಳಲಾಗುವ ಮರುಳಶಂಕರದೇವನು ಬಸವಣ್ಣನವರ ಮಹಾಮನೆಯ ಪ್ರಸಾದಕುಂಡದಲ್ಲಿ ಹನ್ನೆರಡು ವರ್ಷ ಯಾರ ಗಮನಕ್ಕೂ ಬಾರದೆ ಇದ್ದನು. ಅಲ್ಲಮಪ್ರಭುಗಳು ಬಂದು ಅವನನ್ನು ತೋರಿಸಿಕೊಟ್ಟಾಗಲೇ ಮಹಾಮನೆಗೆ ಅವನ ನಿಲುವು ಅರಿವಾಯಿತೆಂದು ಶೂನ್ಯಸಂಪಾದನೆ ತಿಳಿಸುತ್ತದೆ. ಜಗತ್ತೇ ಕೊಂಡಾಡಿದ ದಾಸೋಹದ ಮನೆಯಲ್ಲಿಯೂ ಉಂಡವನು ಯಾರೆಂದು ಕಾಣದೆ ಹೋಗುವುದು ಸಾಧ್ಯವೆಂದರೆ, ನಮ್ಮ ನಿಮ್ಮ ಮನೆಗಳ ಪಾಡೇನು? ಉಣಿಸುವುದು ದಾಸೋಹದ ಆರಂಭ. ಉಂಡವರನ್ನು ಅವರಿರುವಂತೆಯೇ ಕಾಣುವುದು ಅದರ ಪೂರ್ಣತೆ.

ಪರದೇಶದಿಂದ ಬಂದ ಮಗುವನ್ನು ಜಂಗಮಭಾವದಿಂದ ಕಾಣಬೇಕೆಂದು ನಾನು ಹೇಳುವುದು ಇದಕ್ಕಾಗಿ. ಜಂಗಮವೆಂದರೆ ಚಲಿಸುವುದು. ಮನೆಗೆ ಬಂದ ಜಂಗಮವನ್ನು ನಾವು ಪೂಜಿಸುತ್ತೇವೆ, ಉಣಿಸುತ್ತೇವೆ, ಹೊರಟಾಗ ಬಾಗಿಲವರೆಗೆ ಹೋಗಿ ಬೀಳ್ಕೊಡುತ್ತೇವೆ. ಅದನ್ನು ನಮ್ಮ ಸ್ವತ್ತೆಂದು ಯಾರೂ ಕಟ್ಟಿಹಾಕುವುದಿಲ್ಲ.

ನಮ್ಮ ಮನೆಗಳಲ್ಲಿ ನಡೆಯಬೇಕಾದುದು

ಮೊದಲನೆಯದು ಹೆಸರು. ನಾಲಿಗೆಗೆ ಸುಲಭವಾಗಲೆಂದು ಮಗುವಿಗೆ ಬಸವರಾಜನೆಂದೋ ಗಂಗಮ್ಮನೆಂದೋ ಹೆಸರಿಡುವುದು ವಿನೋದಕ್ಕೆ ಚೆನ್ನ. ಆದರೆ ತಾಯಿ ಇಟ್ಟ ಹೆಸರನ್ನು ಸರಿಯಾಗಿ ಉಚ್ಚರಿಸಲು ಮನೆಮಂದಿಯೆಲ್ಲ ಕಲಿತರೆ ಆ ಮಗುವಿಗೆ ಅದಕ್ಕಿಂತ ದೊಡ್ಡ ಸ್ವಾಗತವಿಲ್ಲ.

ಎರಡನೆಯದು ಊಟ. ನಮ್ಮ ಮನೆಗಳಲ್ಲಿ ಶಾಕಾಹಾರವೇ ನಿಯಮ. ಇದನ್ನು ಮಗು ಬರುವ ಮೊದಲೇ ಅದರ ತಂದೆತಾಯಿಗಳಿಗೂ ಕಳುಹಿಸುವ ಸಂಸ್ಥೆಗೂ ಸ್ಪಷ್ಟವಾಗಿ ತಿಳಿಸಬೇಕು. ಬಂದ ಮೇಲೆ ನಾಚಿಸಬಾರದು, ಅದರ ಮನೆಯ ಊಟವನ್ನು ಹೀಗಳೆಯಬಾರದು. ಖಾರ ತಾಳದ ಮಗುವಿಗೆ ಮೊದಲ ವಾರ ಬಿಸಿ ರೊಟ್ಟಿ, ಬೆಣ್ಣೆ, ಮೊಸರನ್ನ, ಬಾಳೆಹಣ್ಣು ಸಾಕು. ರುಚಿ ತಾನಾಗಿ ಬೆಳೆಯುತ್ತದೆ.

ಮೂರನೆಯದು ಪೂಜೆ. ಬೆಳಗ್ಗೆ ಅಂಗೈಯಲ್ಲಿ ಇಷ್ಟಲಿಂಗವನ್ನಿಟ್ಟು ಕುಳಿತ ಅಜ್ಜಿಯನ್ನು ಮಗು ಬೆರಗಿನಿಂದ ನೋಡಿ ಕೇಳೀತು. ಕೇಳಿದರೆ ಬಲ್ಲಷ್ಟನ್ನು ಸರಳವಾಗಿ ಹೇಳೋಣ. ವಿಭೂತಿ ಬೇಕೆಂದು ಹಣೆ ಮುಂದಿಟ್ಟರೆ ಹಚ್ಚೋಣ. ಆದರೆ ಧರ್ಮವನ್ನು ಹೇರುವ ಮಾತು ಬೇಡ. ಲಿಂಗಧಾರಣೆಯು ಅರಿತು, ಗುರುವಿನಿಂದ ಪಡೆಯತಕ್ಕ ದೀಕ್ಷೆ. ಅತಿಥಿಯಾಗಿ ಬಂದ ಅಪ್ರಾಪ್ತ ವಯಸ್ಸಿನ ಮಗುವಿನ ಮೇಲೆ ಅದನ್ನು ಪ್ರಯೋಗಿಸಲಾಗದು. ಮಗು ತನ್ನ ಪ್ರಾರ್ಥನೆಯನ್ನು ಮಾಡಲು ಬಯಸಿದರೆ ಅದಕ್ಕೂ ಒಂದು ಮೂಲೆ, ಒಂದಿಷ್ಟು ಮೌನ ದೊರೆಯಬೇಕು. ಸಿದ್ಧಗಂಗೆಯ ಶ್ರೀ ಶಿವಕುಮಾರ ಸ್ವಾಮಿಗಳು (1907–2019) ಜಾತಿಮತಗಳನ್ನು ಕೇಳದೆ ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯ ಕೊಟ್ಟ ಮೇಲ್ಪಂಕ್ತಿ ನಮ್ಮ ಕಣ್ಣೆದುರಿಗಿದೆ.

ನಾಲ್ಕನೆಯದು ತಾಯಿಯ ನೆನಪು. ಮಠದ ಪ್ರಸಾದನಿಲಯಗಳಲ್ಲಿ ಬೆಳೆದ ನಮ್ಮಂಥವರಿಗೆ ತಿಳಿದ ಸಂಗತಿಯೊಂದುಂಟು: ಮಗುವಿಗೆ ಅವ್ವನ ನೆನಪು ಕಾಡುವುದು ದೀಪ ಹಚ್ಚುವ ಹೊತ್ತಿನಲ್ಲಿ. ಹಗಲೆಲ್ಲ ನಗುತ್ತಿದ್ದ ಮಗು ಆ ಹೊತ್ತಿಗೆ ಮಂಕಾದರೆ ಉಪದೇಶ ಮಾಡಬೇಡಿ, ಹತ್ತಿರ ಕುಳಿತುಕೊಳ್ಳಿ. ಈಗ ಫೋನಿನಲ್ಲಿ ಮುಖ ನೋಡಿ ಮಾತನಾಡುವ ಅನುಕೂಲವಿದೆ. ವಾರಕ್ಕೊಮ್ಮೆ ನೀವೂ ಆ ತಾಯಿಗೆ ಕೈಮುಗಿದು ಎರಡು ಮಾತಾಡಿದರೆ ದೂರದಲ್ಲಿರುವ ಆಕೆಗೆ ನೆಮ್ಮದಿ.

ಕೊನೆಯದು ಲೋಕವ್ಯವಹಾರ. ವಿದೇಶೀಯರು ಮನೆಯಲ್ಲಿ ತಂಗಿದರೆ ಆ ವಿಷಯವನ್ನು 24 ಗಂಟೆಗಳೊಳಗೆ ವಿದೇಶೀಯರ ನೋಂದಣಿ ಅಧಿಕಾರಿಗೆ ತಿಳಿಸಬೇಕೆಂಬ ನಿಯಮವಿದೆ. ಮಗುವಿನ ಪಾಸ್‌ಪೋರ್ಟಿನ ಪ್ರತಿ, ಆರೋಗ್ಯ ವಿಮೆಯ ಕಾಗದ, ಯಾವ ಔಷಧ ಆಗದೆಂಬ ವಿವರ, ತುರ್ತಿಗೆ ಕರೆಯಬೇಕಾದವರ ಸಂಖ್ಯೆ ಇವು ಮನೆಯ ಯಜಮಾನರ ಕೈಗೆ ಸಿಗುವಂತಿರಬೇಕು. ಮಗು ಮನೆಯವರಲ್ಲಿ ಹೇಳಿಕೊಳ್ಳಲಾಗದ ಕಷ್ಟವನ್ನು ಹೇಳಿಕೊಳ್ಳಲು ಹೊರಗೆ ನಂಬಿಕೆಯ ಒಬ್ಬರಿರಬೇಕು. ಅದು ಯಾರೆಂದು ಮೊದಲ ದಿನವೇ ಮಗುವಿಗೆ ತೋರಿಸಿಕೊಡಿ. ಇದರಿಂದ ನಮ್ಮ ಮನೆತನದ ಗೌರವಕ್ಕೆ ಕುಂದಿಲ್ಲ. ಮಕ್ಕಳ ವಿಷಯದಲ್ಲಿ ಎಚ್ಚರವೂ ದಾಸೋಹದ ಅಂಗವೇ.

ಮನೆಯ ಸ್ವಂತ ಮಕ್ಕಳಿಗೆ ಇದರಿಂದ ದೊರೆಯುವ ಲಾಭ ಪುಸ್ತಕದಲ್ಲಿ ಸಿಗದು. ಆಟಿಕೆ, ಕೋಣೆ, ಅವ್ವನ ಮಡಿಲು ಎಲ್ಲವನ್ನೂ ಹಂಚಿಕೊಳ್ಳಬೇಕಾದಾಗ ಅವರು ಮೊದಲು ಮುನಿಸಿಕೊಳ್ಳುತ್ತಾರೆ. ತಾಯಂದಿರು ಆ ಮುನಿಸನ್ನು ತಾಳ್ಮೆಯಿಂದ ಕರಗಿಸಿದರೆ, ಜಗತ್ತಿನಲ್ಲಿ ಯಾರೂ ಹೊರಗಿನವರಲ್ಲವೆಂಬ ಶರಣರ ಮಾತು ಅವರಿಗೆ ಬಾಯಿಪಾಠವಾಗಿ ಉಳಿಯದೆ ನಡತೆಯಾಗುತ್ತದೆ.

ಹೊರಡುವ ದಿನ ಕಣ್ಣೀರು ಬರುವುದು ಸಹಜ. ಬುತ್ತಿಯಲ್ಲಿ ಶೇಂಗಾ ಹೋಳಿಗೆ ಕಟ್ಟಿಕೊಡಿ. ಕಂದ, ನಿನ್ನವರು ಕಾಯುತ್ತಿದ್ದಾರೆ, ಹೋಗಿ ಬಾ ಎಂದು ತಲೆಯ ಮೇಲೆ ಕೈಯಿಟ್ಟು ಹರಸಿರಿ. ಆ ಮಗು ತನ್ನ ಊರಿನಲ್ಲಿ, ತನ್ನ ನುಡಿಯಲ್ಲಿ, ತನ್ನ ತಾಯಿಯೆದುರು ಕುಳಿತು ನಿಮ್ಮ ಮನೆಯ ಮಾತು ಹೇಳುವಂತಾದರೆ ನಿಮ್ಮ ದಾಸೋಹ ಸಾರ್ಥಕ.