ಬಣ್ಣದಲ್ಲಿ ಮೂಡಿದ ನಾದ

ಸಂಗೀತವು ಕಿವಿಯ ಕಲೆ, ಚಿತ್ರವು ಕಣ್ಣಿನ ಕಲೆ. ಗಾಯಕನು ಹಾಡು ಮುಗಿಸಿ ತಂಬೂರಿಯನ್ನು ಕೆಳಗಿರಿಸಿದೊಡನೆ ಅವನು ಸೃಷ್ಟಿಸಿದುದೆಲ್ಲ ಗಾಳಿಯಲ್ಲಿ ಕರಗಿಹೋಗುತ್ತದೆ. ಚಿತ್ರಕಾರನು ಸೃಷ್ಟಿಸಿದುದಾದರೋ ಅವನು ಕುಂಚವನ್ನು ಕೆಳಗಿರಿಸಿದ ಮೇಲೆಯೇ ತನ್ನ ಬಾಳನ್ನು ಆರಂಭಿಸುತ್ತದೆ. 1877ರಲ್ಲಿ ಎಡಿಸನ್ನನು ಫೋನೋಗ್ರಾಫ್ ಯಂತ್ರವನ್ನು ರಚಿಸುವವರೆಗೆ ಮನುಷ್ಯನ ಕಂಠವನ್ನು ಹಿಡಿದಿಟ್ಟು ಮತ್ತೆ ಕೇಳಿಸುವ ಉಪಾಯವಿರಲಿಲ್ಲ. ಹಾಗಾದರೆ ಅದಕ್ಕೂ ಮುಂಚೆ ಬದುಕಿದ್ದ ಗಾಯಕನೊಬ್ಬನು ಎಂಥವನೆಂಬುದನ್ನು ನಾವು ಅರಿಯುವುದು ಹೇಗೆ? ಅವನ ಮುಖವನ್ನು ಇದ್ದಂತೆಯೇ ಬರೆದಿಟ್ಟರೆ ಸಾಕೆ? ಬರಿಯ ಮುಖವನ್ನು ನೋಡಿ ಇವನು ಗಾಯಕನೋ ದವಸದ ವ್ಯಾಪಾರಿಯೋ ಎಂದು ಹೇಳಬಲ್ಲವರು ಯಾರು? ಕೈಗೊಂದು ವಾದ್ಯವನ್ನು ಕೊಟ್ಟರೆ ಅವನು ಸಂಗೀತಗಾರನೆಂದು ತಿಳಿಯುತ್ತದೆ, ನಿಜ. ಆದರೆ ಎಂತಹ ಸಂಗೀತಗಾರನೆಂಬುದು ಆಗಲೂ ತಿಳಿಯದು. ಅದನ್ನು ತಿಳಿಸಬೇಕಾದರೆ ಅವನ ಸುತ್ತಲೂ ಒಂದು ವಾತಾವರಣವನ್ನೇ ನಿರ್ಮಿಸಬೇಕಾಗುತ್ತದೆ.

ಭಾರತದ ಚಿತ್ರಕಾರರು ಈ ವಿದ್ಯೆಯನ್ನು ಕಲಿತದ್ದು ರಾಗಗಳಿಂದಲೇ ಎನ್ನಬಹುದು. ನಮ್ಮ ಪೂರ್ವಿಕರು ಒಂದೊಂದು ರಾಗವನ್ನೂ ಒಬ್ಬ ಪುರುಷನನ್ನಾಗಿ ಅಥವಾ ಸ್ತ್ರೀಯನ್ನಾಗಿ ಕಲ್ಪಿಸಿಕೊಂಡು, ಆ ರೂಪವನ್ನು ವರ್ಣಿಸುವ ಧ್ಯಾನಶ್ಲೋಕಗಳನ್ನು ರಚಿಸಿದರು. ಆ ಶ್ಲೋಕಗಳನ್ನು ಅನುಸರಿಸಿ ಬರೆದ ಚಿತ್ರಮಾಲೆಗಳಿಗೆ ‘ರಾಗಮಾಲಾ’ ಎಂದು ಹೆಸರು. ಆರು ರಾಗಗಳು, ಒಂದೊಂದಕ್ಕೆ ಐದು ರಾಗಿಣಿಯರು, ಹೀಗೆ ಮೂವತ್ತಾರು ಚಿತ್ರಗಳು ಸಾಮಾನ್ಯವಾಗಿ ಒಂದು ಮಾಲೆಯಲ್ಲಿರುತ್ತವೆ. ತೋಡಿಯ ಚಿತ್ರದಲ್ಲಿ ಏಕಾಕಿನಿಯಾದ ತರುಣಿಯೊಬ್ಬಳು ವೀಣೆ ಹಿಡಿದು ಕಾಡಿನಲ್ಲಿ ನಿಂತಿರುತ್ತಾಳೆ. ಜಿಂಕೆಗಳು ಮೇವನ್ನು ಮರೆತು ಅವಳತ್ತ ಕತ್ತೆತ್ತಿ ನಿಂತಿರುತ್ತವೆ. ಮೇಘರಾಗದ ಚಿತ್ರದಲ್ಲಿ ಕರಿಮೋಡ ಕವಿದಿರುತ್ತದೆ. ಇಲ್ಲಿ ಒಂದು ಸ್ವಾರಸ್ಯವನ್ನು ಗಮನಿಸಿರಿ. ತೋಡಿಯ ಆರೋಹಣ ಅವರೋಹಣಗಳನ್ನು ಆ ಜಿಂಕೆಗಳಿಂದ ಯಾರೂ ಕಲಿಯಲಾರರು. ಆದರೆ ಆ ರಾಗದಲ್ಲಿರುವ ಒಂಟಿತನವೂ ಹಂಬಲವೂ ಆ ಕಾಡಿನ ಮೌನದಿಂದ ನೋಡುವವನ ಮನಸ್ಸಿಗೆ ಇಳಿಯುತ್ತವೆ. ಸ್ವರವನ್ನು ಬರೆಯಲು ಬಾರದು. ಸ್ವರವನ್ನು ಕೇಳಿದಾಗ ಮನಸ್ಸಿನಲ್ಲಿ ಹರಡುವ ಛಾಯೆಯನ್ನು ಬರೆಯಬಹುದು.

ರಾಗಕ್ಕೆ ಹೀಗೆ ರೂಪವನ್ನು ಕೊಡಬಹುದಾದರೆ, ಆ ರಾಗವನ್ನು ಹಾಡುವವನಿಗೂ ಅಂತಹುದೇ ರೂಪವನ್ನು ಏಕೆ ಕೊಡಬಾರದು? ಈ ಪ್ರಶ್ನೆಗೆ ಉತ್ತರವು ನಮ್ಮ ನಾಡಿನಲ್ಲಿಯೇ, ಅಂದು ಬಿಜಾಪುರವೆನಿಸಿದ್ದ ಇಂದಿನ ವಿಜಯಪುರದಲ್ಲಿ ದೊರೆಯಿತು.

1580ರಲ್ಲಿ, ಇನ್ನೂ ಬಾಲಕನಾಗಿದ್ದಾಗಲೇ ಪಟ್ಟವೇರಿ 1627ರವರೆಗೆ ಆಳಿದ ಎರಡನೆಯ ಇಬ್ರಾಹಿಂ ಆದಿಲ್‌ಶಾಹನು ಸಂಗೀತವನ್ನು ಕೇವಲ ಪೋಷಿಸಿದ ಅರಸನಲ್ಲ. ಸ್ವತಃ ಹಾಡುತ್ತಿದ್ದವನು, ನುಡಿಸುತ್ತಿದ್ದವನು, ಹಾಡುಗಳನ್ನು ಕಟ್ಟಿದವನು. ಗೋಳಗುಮ್ಮಟದಲ್ಲಿ ಚಿರನಿದ್ರೆಯಲ್ಲಿರುವ ಮುಹಮ್ಮದ್ ಆದಿಲ್‌ಶಾಹನ ತಂದೆ ಈತ. (ಶಾಲೆಯ ಪ್ರವಾಸಗಳಲ್ಲಿ ಮಕ್ಕಳು ಗುಮ್ಮಟದೊಳಗೆ ಕೂಗಿ ಪ್ರತಿಧ್ವನಿಯನ್ನು ಎಣಿಸುವುದರಲ್ಲಿಯೇ ಹೊತ್ತು ಕಳೆದು, ಊರಿನ ಇನ್ನೊಂದು ಬದಿಯಲ್ಲಿರುವ ಈ ತಂದೆಯ ಸಮಾಧಿಯನ್ನು, ಅಂದರೆ ಇಬ್ರಾಹಿಂ ರೋಜಾವನ್ನು, ಓಡುತ್ತ ನೋಡಿ ಬರುವುದನ್ನು ನಾನು ಬಲ್ಲೆ.) ಈತನ ಗೀತೆಗಳ ಸಂಗ್ರಹಕ್ಕೆ ‘ಕಿತಾಬೆ ನವರಸ’ ಎಂದು ಹೆಸರು. ಅದರ ಭಾಷೆ ದಖನಿ. ಒಂದೊಂದು ಗೀತೆಯೂ ಇಂತಹ ರಾಗದಲ್ಲೆಂದು ನಿರ್ದಿಷ್ಟವಾಗಿದೆ. ಸರಸ್ವತಿ, ಗಣಪತಿಯರ ಸ್ತುತಿಯೂ, ಕಲಬುರಗಿಯ ಬಂದೇ ನವಾಜರ ಸ್ತುತಿಯೂ ಅದರಲ್ಲಿವೆ. ತನ್ನ ಪ್ರೀತಿಯ ಆನೆಯನ್ನು ಕುರಿತು, ‘ಮೋತಿಖಾನ್’ ಎಂದು ಹೆಸರಿಟ್ಟುಕೊಂಡಿದ್ದ ತನ್ನ ತಂಬೂರಿಯನ್ನು ಕುರಿತು ಆತನು ಹಾಡಿದ್ದಾನೆ. ವಾದ್ಯಕ್ಕೆ ಸರದಾರನಿಗಿಡುವಂತಹ ಹೆಸರನ್ನಿಟ್ಟ ಅರಸರು ಎಷ್ಟು ಮಂದಿಯಿದ್ದಾರು?

ಈ ಗ್ರಂಥದ ಒಂದು ಗೀತೆ ನಮ್ಮ ವಿಷಯಕ್ಕೆ ಬಹಳ ಮುಖ್ಯವಾದುದು. ಅದರಲ್ಲಿ ಇಬ್ರಾಹಿಮನು ತನ್ನನ್ನು ತಾನೇ ವರ್ಣಿಸಿಕೊಳ್ಳುತ್ತಾನೆ. ಒಂದು ಕೈಯಲ್ಲಿ ವಾದ್ಯ, ಇನ್ನೊಂದರಲ್ಲಿ ಪುಸ್ತಕ, ಉಟ್ಟದ್ದು ಕೇಸರಿ ಬಣ್ಣದ ಉಡುಗೆ, ಉಗುರುಗಳಿಗೆ ಕೆಂಪು, ಕೊರಳಲ್ಲಿ ಸ್ಫಟಿಕದ ಮಾಲೆ, ಆನೆಯೇ ವಾಹನ, ವಿದ್ಯಾಪುರವೇ ಪುರ, ತಂದೆ ಗಣಪತಿ, ತಾಯಿ ಸರಸ್ವತಿ. ಇಂತಹ ವರ್ಣನೆಯನ್ನು ನೀವು ಎಲ್ಲಿ ಕೇಳಿದ್ದೀರಿ? ಯಾವ ಕೈಯಲ್ಲಿ ಯಾವ ಆಯುಧ, ಯಾವ ಬಣ್ಣದ ವಸ್ತ್ರ, ಯಾವ ವಾಹನ ಎಂದು ಕ್ರಮವಾಗಿ ಹೇಳುವುದು ದೇವತೆಗಳ ಧ್ಯಾನಶ್ಲೋಕದ ರೀತಿ. ರಾಗಗಳ ಧ್ಯಾನಶ್ಲೋಕದ ರೀತಿಯೂ ಅದೇ. ಇದೇ ಗ್ರಂಥದ ಬೇರೊಂದು ಗೀತೆಯಲ್ಲಿ ಭೈರವರಾಗವನ್ನು ಶಿವನ ರೂಪದಲ್ಲಿ ಆತನು ವರ್ಣಿಸಿರುವನು. ರಾಗಕ್ಕೆ ತೊಡಿಸಿದ ಉಡುಗೆಯನ್ನೇ ಗಾಯಕನು ತಾನೂ ತೊಟ್ಟುಕೊಂಡಿದ್ದಾನೆ. ತಾನು ಎಂತಹ ಕಲಾವಿದನೆಂಬುದನ್ನು ಹೇಳಲು ‘ನನ್ನ ಕಂಠ ಇಂಪಾದುದು’ ಎಂದು ಹೊಗಳಿಕೊಳ್ಳದೆ, ಒಂದು ಚಿತ್ರವನ್ನೇ ಮಾತಿನಲ್ಲಿ ಕಟ್ಟಿದ್ದಾನೆ.

ಮಾತಿನ ಈ ಚಿತ್ರಕ್ಕೆ ಬಣ್ಣ ಕೊಡಬಲ್ಲ ಕಲಾವಿದರೂ ಆತನ ಆಸ್ಥಾನದಲ್ಲಿದ್ದರು. ಅವರಲ್ಲಿ ಫರ್ರುಖ್ ಬೇಗ್ ಎಂಬವನು ಪ್ರಸಿದ್ಧನು. ಅಕ್ಬರನ ಆಸ್ಥಾನದಲ್ಲಿದ್ದು ಅಲ್ಲಿಂದ ಬಿಜಾಪುರಕ್ಕೆ ಬಂದು ಕೆಲವು ಕಾಲ ನಿಂತವನೆಂದು ವಿದ್ವಾಂಸರು ಹೇಳುತ್ತಾರೆ. ಸುಲ್ತಾನನು ತಂಬೂರಿ ನುಡಿಸುತ್ತಿರುವಂತೆ ಆತನು ಬರೆದ ಚಿತ್ರವು ಈಗ ಯೂರೋಪಿನ ಪ್ರಾಗ್ ನಗರದ ನಾಪ್ರಸ್ಟೆಕ್ ವಸ್ತುಸಂಗ್ರಹಾಲಯದಲ್ಲಿದೆ. ಇನ್ನೊಂದು ಚಿತ್ರವು ಲಂಡನ್ನಿನ ಬ್ರಿಟಿಷ್ ವಸ್ತುಸಂಗ್ರಹಾಲಯದಲ್ಲಿದೆ. ಸುಮಾರು 1610ರಿಂದ 1620ರ ನಡುವಿನದು, ಕೈಯಲ್ಲಿ ಹಿಡಿದು ನೋಡಬಹುದಾದಷ್ಟು ಚಿಕ್ಕದು. ಅದರಲ್ಲಿ ಸುಲ್ತಾನನ ಕೊರಳಲ್ಲಿ ರುದ್ರಾಕ್ಷಿಯಿದೆ. ಹಾಡಿನ ಸ್ಫಟಿಕಮಾಲೆಯೇ ಇಲ್ಲಿ ರುದ್ರಾಕ್ಷಿಯಾಯಿತೋ ಏನೋ; ಚಿತ್ರಕಾರನು ಹಾಡನ್ನು ಅಕ್ಷರಶಃ ನಕಲು ಮಾಡಲಿಲ್ಲವೆಂಬುದಂತೂ ಸ್ಪಷ್ಟ. ಕೈಯಲ್ಲಿರುವುದು ಚಿಟಿಕೆ, ನಮ್ಮ ಹರಿದಾಸರೂ ಭಜನೆಯವರೂ ಬೆರಳುಗಳ ನಡುವೆ ಹಿಡಿದು ತಾಳ ಹಾಕುವಂತಹ ವಾದ್ಯ. ದೊರೆಯ ಕೈಗೆ ಖಡ್ಗವನ್ನು ಕೊಡುವುದು ಚಿತ್ರಕಾರನಿಗೆ ಏನೂ ಕಷ್ಟವಿರಲಿಲ್ಲ. ಅಷ್ಟೇ ಏಕೆ, ಬೆಲೆಬಾಳುವ ವೀಣೆಯನ್ನಾದರೂ ಕೊಡಬಹುದಾಗಿತ್ತು. ಬೀದಿಯಲ್ಲಿ ಹಾಡುವ ಸಾಧುವಿನ ಬಳಿಯೂ ಇರಬಹುದಾದ ಈ ಸರಳ ವಾದ್ಯವನ್ನು ಕೊಟ್ಟದ್ದರಿಂದ, ಇವನ ಸಂಗೀತವು ಭೋಗದ ವಸ್ತುವಲ್ಲ, ಭಕ್ತಿಯ ಸಾಧನ ಎಂಬ ಮಾತು ತಾನಾಗಿ ಹೊರಡುತ್ತದೆ.

ಇನ್ನು ಸುತ್ತಲಿನ ಜಗತ್ತನ್ನು ನೋಡಬೇಕು. ಚಿತ್ರದ ಜೀವವಿರುವುದು ಅಲ್ಲಿಯೇ. ಅಕ್ಬರನ ಆಸ್ಥಾನದ ಚಿತ್ರಗಳಲ್ಲಿ ಏನಾದರೊಂದು ಘಟನೆ ನಡೆಯುತ್ತಲೇ ಇರುತ್ತದೆ: ಕೋಟೆಗೆ ಮುತ್ತಿಗೆ, ಬೇಟೆ, ದರ್ಬಾರು. ಬಿಜಾಪುರದ ಈ ಚಿತ್ರಗಳಲ್ಲಿ ಬಹುಮಟ್ಟಿಗೆ ಯಾವ ಘಟನೆಯೂ ಇಲ್ಲ. ಸುಲ್ತಾನನ ಹಿಂದೆ ಗಿಡಮರಗಳು ದಟ್ಟವಾಗಿ ಬೆಳೆದಿವೆ. ದೂರದಲ್ಲಿ ಅರಮನೆಯೊಂದು ಕಾಣುತ್ತದೆ. ರಾಜ್ಯಭಾರದ ಗದ್ದಲವೆಲ್ಲ ಅಷ್ಟು ದೂರಕ್ಕೆ ಸರಿದುಹೋಗಿದೆ. ಬಿಜಾಪುರದ ಬಯಲನ್ನು ಕಂಡವರಿಗೆ ಇದು ಅಲ್ಲಿಯ ನೆಲವಲ್ಲವೆಂದು ಹೇಳಬೇಕಾಗಿಲ್ಲ. ಕರಿಮಣ್ಣಿನ, ಮಳೆ ಕಡಮೆಯಾದ ನಾಡಿನಲ್ಲಿ ಇಂತಹ ವನ ಎಲ್ಲಿಂದ ಬಂತು? ಅದು ಹಾಡು ಕೇಳುವಾಗ ಕಣ್ಮುಚ್ಚಿದವನಿಗೆ ಕಾಣುವ ವನ. ದಖನಿನ ಚಿತ್ರಕಾರರು ಈ ಕನಸಿನ ಭಾವವನ್ನು ಬಣ್ಣದಿಂದಲೇ ಸಾಧಿಸಿದರು. ತಿಳಿನೇರಳೆ, ಗುಲಾಬಿ, ಕಡುಹಸಿರು ಬಣ್ಣಗಳನ್ನು ಹತ್ತಿರ ಹತ್ತಿರ ಇಟ್ಟರು. ಹೂಗಿಡಗಳನ್ನು ಕೆಲವೊಮ್ಮೆ ಸಹಜ ಪ್ರಮಾಣಕ್ಕಿಂತ ಹಿರಿದಾಗಿ ಬರೆದರು. ಬಿಸಿಲು ಎತ್ತಲಿಂದ ಬಿತ್ತೆಂಬುದನ್ನು ಸೂಚಿಸುವ ನೆರಳನ್ನು ಬಿಟ್ಟೇಬಿಟ್ಟರು. ಚಿನ್ನವನ್ನು ಧಾರಾಳವಾಗಿ ಬಳಸಿದರು. ನುಣುಪಾದ ಕಲ್ಲಿನಿಂದ ಕಾಗದವನ್ನು ಉಜ್ಜಿ ಉಜ್ಜಿ ಹೊಳಪೇರಿಸಿದ ಮೇಲೆ, ಚಿತ್ರವನ್ನು ಸ್ವಲ್ಪ ಓರೆಯಾಗಿ ಹಿಡಿದರೆ ಆ ಚಿನ್ನವು ಮಿನುಗುತ್ತದೆ, ಕೈ ಕದಲಿದರೆ ಮಿನುಗೂ ಕದಲುತ್ತದೆ. ಅಚ್ಚಾದ ಪ್ರತಿಯಲ್ಲಿ ಈ ಸೊಗಸು ಉಳಿಯುವುದಿಲ್ಲವೆಂಬುದು ವಿಷಾದದ ಸಂಗತಿ.

ಇಲ್ಲಿ ಒಂದು ಸಂದೇಹವು ಬರುವುದು ಸಹಜ. ಆಸ್ಥಾನದ ಚಿತ್ರಕಾರನು ಒಡೆಯನು ಮೆಚ್ಚುವಂತೆಯೇ ಬರೆಯುತ್ತಾನಲ್ಲವೆ? ಸುಲ್ತಾನನೇ ತನ್ನ ವರ್ಣನೆಯನ್ನು ಹಾಡಿಕೊಂಡು, ಸಂಬಳದ ಕಲಾವಿದರಿಂದ ಬರೆಯಿಸಿಕೊಂಡ ಮೇಲೆ ಅದನ್ನು ನಂಬುವುದೆಂತು? ಈ ಸಂದೇಹವನ್ನು ತಳ್ಳಿಹಾಕುವಂತಿಲ್ಲ. ಇಂದಿಗೂ ಹಾಡುಗಾರರ ಭಾವಚಿತ್ರಗಳಲ್ಲಿ ಮಂದವಾದ ಬೆಳಕು, ಮುಚ್ಚಿದ ಕಣ್ಣು, ಹಿಂದೊಂದು ತಂಬೂರಿ ಇವನ್ನೆಲ್ಲ ಅಣಿಗೊಳಿಸಿ, ಇಲ್ಲದ ಗಾಂಭೀರ್ಯವನ್ನು ಆರೋಪಿಸುವುದುಂಟು. ವಾತಾವರಣವನ್ನು ನಿರ್ಮಿಸಬಲ್ಲವನು ಸುಳ್ಳು ವಾತಾವರಣವನ್ನೂ ನಿರ್ಮಿಸಬಲ್ಲನು. ಆದರೆ ಇಬ್ರಾಹಿಮನ ವಿಷಯದಲ್ಲಿ ನಮಗೆ ಹೊರಗಿನ ಸಾಕ್ಷಿಯೊಬ್ಬನಿದ್ದಾನೆ. 1603-04ರಲ್ಲಿ ಅಕ್ಬರನ ರಾಯಭಾರಿಯಾಗಿ ಬಂದ ಅಸದ್ ಬೇಗನು ಸುಲ್ತಾನನನ್ನು ಹೊಗಳಬೇಕಾದ ಹಂಗಿನಲ್ಲಿರಲಿಲ್ಲ. ತಾನು ಮಾತನಾಡಿಸಿದಾಗ ಸುಲ್ತಾನನು ಸಂಗೀತದಲ್ಲಿ ಎಷ್ಟು ತನ್ಮಯನಾಗಿದ್ದನೆಂದರೆ ಉತ್ತರ ಕೊಡುವುದೂ ಅವನಿಗೆ ಕಷ್ಟವಾಗಿತ್ತೆಂದು ಆತನು ಬರೆದಿಟ್ಟಿದ್ದಾನೆ. ರಾಜಕಾರ್ಯಕ್ಕಾಗಿ ಬಂದವನಿಗೆ ಇದರಿಂದ ಬೇಸರವಾಗಿದ್ದರೂ ಆಶ್ಚರ್ಯವಿಲ್ಲ. ಆದರೆ ಅರಮನೆಯನ್ನು ದೂರಕ್ಕೆ ಸರಿಸಿದ ಚಿತ್ರಕಾರನು ಕಂಡದ್ದೂ, ಉತ್ತರಕ್ಕಾಗಿ ಕಾದು ಕುಳಿತ ರಾಯಭಾರಿಯು ಕಂಡದ್ದೂ ಒಂದೇ ಮನುಷ್ಯನನ್ನು.

ಹೀಗಿದ್ದರೂ ಚಿತ್ರವು ಹೇಳಲಾರದ ಮಾತು ಒಂದು ಉಳಿದೇ ಉಳಿಯುತ್ತದೆ. ಇಬ್ರಾಹಿಮನ ಕಂಠ ಮಂದ್ರದಲ್ಲಿ ತುಂಬಿ ಬರುತ್ತಿತ್ತೋ ತಾರದಲ್ಲಿ ಮೆರೆಯುತ್ತಿತ್ತೋ, ಮೋತಿಖಾನನ ತಂತಿಗಳು ಹೇಗೆ ಮಿಡಿಯುತ್ತಿದ್ದವೋ, ಯಾವ ಬಣ್ಣವೂ ತಿಳಿಸಲಾರದು. ಸಂಗೀತಕ್ಕಾಗಿಯೇ ಎಂಬಂತೆ ಆತನು 1599ರಲ್ಲಿ ರಾಜಧಾನಿಯ ಪಶ್ಚಿಮಕ್ಕೆ ನವರಸಪುರವೆಂಬ ಹೊಸ ನಗರವನ್ನು ಕಟ್ಟಿಸತೊಡಗಿದನು. 1624ರಲ್ಲಿ ಮಲಿಕ್ ಅಂಬರನ ಸೈನ್ಯವು ಅದನ್ನು ಸೂರೆಗೊಂಡಿತು. ತೊರವಿ ಗ್ರಾಮದ ಬಳಿ ಸಂಗೀತಮಹಲಿನ ಭಗ್ನಾವಶೇಷವನ್ನು ಈಗಲೂ ನೋಡಬಹುದು. ಎತ್ತರವಾದ ಕಮಾನುಗಳ ಕೆಳಗೆ ನಿಂತರೆ ಗಾಳಿಯ ಸದ್ದಲ್ಲದೆ ಬೇರೇನೂ ಕೇಳಿಸದು. ಅಲ್ಲಿ ಹಾಡಿದವನು ಚಿಟಿಕೆ ಹಿಡಿದ ಕೈಯೊಡನೆ, ಆ ದಟ್ಟವಾದ ಹಸಿರಿನ ಮುಂದೆ, ಲಂಡನ್ನಿನ ಆ ಚಿಕ್ಕ ಕಾಗದದ ಮೇಲೆ ನಿಂತಿದ್ದಾನೆ.