ಮುಳ್ಳಯ್ಯನಗಿರಿಯ ಹಾದಿ

ಕಡೂರಿನ ಬಯಲಿನಿಂದ ನೈರುತ್ಯಕ್ಕೆ ಕಣ್ಣು ಹಾಯಿಸಿದರೆ ಬಾನಂಚಿಗೆ ನೀಲಿ ಗೋಡೆ ಕಟ್ಟಿದಂತೆ ಕಾಣುವುದೇ ಚಂದ್ರದ್ರೋಣ ಪರ್ವತ. ತರೀಕೆರೆಯವರಿಗಂತೂ ಅದು ನೆರೆಮನೆ. ಕುದುರೆಯ ಲಾಳದಂತೆ ಬಾಗಿ, ಜಾಗರ ಕಣಿವೆಯನ್ನು ಬಳಸಿ ನಿಂತಿರುವ ಈ ಸಾಲಿನಲ್ಲಿಯೇ ಕರ್ನಾಟಕದ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿ ಇದೆ. ಅದರ ಎತ್ತರ ಸಮುದ್ರಮಟ್ಟದಿಂದ ಸುಮಾರು 1,930 ಮೀಟರು. ಎಂದರೆ 6,300 ಅಡಿಗೂ ಮಿಗಿಲು.

ಇಷ್ಟು ಎತ್ತರದ ಬೆಟ್ಟದ ಮಗ್ಗುಲಲ್ಲಿದ್ದೂ ಕಡೂರು, ಅಜ್ಜಂಪುರಗಳ ಬಯಲಿಗೆ ಮಳೆಯ ಬರವೇಕೆ? ಬೆಟ್ಟವೇ ಅದಕ್ಕೆ ಕಾರಣ. ಮುಂಗಾರಿನ ಗಾಳಿ ಪಡುವಣದಿಂದ ಬಂದು ಗಿರಿಗಳನ್ನು ಏರುವಾಗ ತಣಿದು ಮಳೆ ಸುರಿಸುತ್ತದೆ. ಮೂಡಣಕ್ಕೆ ಇಳಿಯುವ ಹೊತ್ತಿಗೆ ಬಹುಮಟ್ಟಿಗೆ ಒಣಗಿರುತ್ತದೆ.

ಆದರೆ ಬೆಟ್ಟ ನಮ್ಮ ಕೈಬಿಟ್ಟಿಲ್ಲ. ಒಳಮಗ್ಗುಲಿನ ನೀರು ಸೋಮವಾಹಿನಿಯಾಗಿ ಭದ್ರೆಯನ್ನು ಸೇರುತ್ತದೆ. ಮೂಡಲ ಮಗ್ಗುಲಿನ ನೀರು ವೇದಾ ಹೊಳೆಯಾಗಿ ಸಖರಾಯಪಟ್ಟಣದ ಅಯ್ಯನಕೆರೆಯನ್ನು ತುಂಬಿ, ಕಡೂರಿನ ಬಳಿ ಅವತಿಯೊಡನೆ ಕೂಡಿ ವೇದಾವತಿಯಾಗಿ ವಾಣಿವಿಲಾಸ ಸಾಗರಕ್ಕೆ ಹರಿಯುತ್ತದೆ. 2019ರಲ್ಲಿ ಭದ್ರೆಯ ನೀರನ್ನು ಅಜ್ಜಂಪುರದ ಸುರಂಗದ ಮೂಲಕ ಇದೇ ಸಾಗರದತ್ತ ಹರಿಸಲಾಯಿತು. ಬೆಟ್ಟದ ನೆತ್ತಿಯಲ್ಲಿ ಅಗಲಿದ ನೀರು ಹೀಗೆ ಮತ್ತೆ ಒಂದಾಯಿತು!

ಈಗ ಏರೋಣ. ಚಿಕ್ಕಮಗಳೂರಿನಿಂದ ಗಿರಿಗೆ ಹೋಗುವ ರಸ್ತೆಯಲ್ಲಿ ಸರ್ಪದಾರಿ ಎಂಬಲ್ಲಿ ಕಾಲುಹಾದಿ ಮೊದಲಾಗುತ್ತದೆ. ಹಾವಿನಂತೆ ಬಳುಕುವ ಏಣಿನ ಮೇಲೆ ನಡೆದರೆ ತುದಿಯಲ್ಲಿ ಮುಳ್ಳಪ್ಪಸ್ವಾಮಿಯ ಗುಡಿ. ನಡೆಯಲಾರದವರು ಶೀತಾಳಯ್ಯನಗಿರಿಯ ಮೇಲಿನ ರಸ್ತೆಯಲ್ಲಿ ಬಂದು ಕೊನೆಯ ಮೆಟ್ಟಿಲುಗಳನ್ನು ಮಾತ್ರ ಹತ್ತಬಹುದು.

ದಾರಿಯಲ್ಲಿ ಎರಡನ್ನು ಗಮನಿಸಿ: ಇಳಿಜಾರುಗಳಲ್ಲಿ ಬರಿಯ ಹುಲ್ಲು, ಮಡಿಕೆಗಳಲ್ಲಿ ಶೋಲೆ ಎಂಬ ಗಿಡ್ಡ ಮರಗಳ ದಟ್ಟ ಕಾಡು. ಮಳೆಯನ್ನು ಹೀರಿಟ್ಟುಕೊಂಡು ಬೇಸಗೆಯಲ್ಲಿ ಹನಿಹನಿಯಾಗಿ ಬಿಡುವ ಹಗೇವು ಇವೇ. 2022ರಲ್ಲಿ ಕುರಿಂಜಿ ಅರಳಿ ಈ ಇಳಿಜಾರುಗಳೇ ನೀಲಿಯಾಗಿದ್ದವು.

ಮಾಘ ಫಾಲ್ಗುಣಗಳಲ್ಲಿ ಹುಲ್ಲು ಒಣಗಿ ನಿಂತಿರುವಾಗ ಒಂದು ಬೀಡಿಯ ತುಂಡು ಸಾಕು. ಗಾಳಿಗೆ ಬೆಂಕಿ ಗುಡ್ಡದಿಂದ ಗುಡ್ಡಕ್ಕೆ ಹಾರುತ್ತದೆ. ಶೋಲೆಯ ಅಂಚು ಸುಟ್ಟು ಹಿಂಜರಿದರೆ ಅದು ಮತ್ತೆ ಬೆಳೆಯಲು ತಲೆಮಾರುಗಳೇ ಬೇಕು. ಬೆತ್ತಲಾದ ಮಣ್ಣು ಮುಂದಿನ ಮಳೆಗೆ ಕೊಚ್ಚಿ ಬಂದು ಕೆರೆಗಳಲ್ಲಿ ಹೂಳಾಗುತ್ತದೆ.

ಹೊರಡುವ ಮುನ್ನ ಅರಣ್ಯ ಇಲಾಖೆಯ ನಿಯಮಗಳನ್ನು ವಿಚಾರಿಸಿಕೊಳ್ಳಿ. ಮಳೆ ನಿಂತ ಮೇಲೆ, ಮುಂಜಾನೆಯೇ ಹೊರಡುವುದು ಲೇಸು. ಬುತ್ತಿ, ನೀರು, ಕಂಬಳಿ ಇರಲಿ, ಬೆಂಕಿಪೆಟ್ಟಿಗೆ ಮನೆಯಲ್ಲಿರಲಿ. ಹಾದಿ ಬಿಟ್ಟು ಹುಲ್ಲು ತುಳಿಯಬೇಡಿ. ನಿಮ್ಮ ಊರಿನ ಕೆರೆಯ ನೀರು ಅಲ್ಲಿಂದಲೇ ಬರುತ್ತಿದೆ.