ಮುಂಬೈ ನೋಡೋಕೆ ಹೊರಟವರಿಗೆ ಒಂದು ಲೋಕಲ್ ಪಾಠ

ಗೋವಾ ಪ್ಲಾನ್ ಕ್ಯಾನ್ಸಲ್ ಆದಮೇಲೆ ನಮ್ಮ ಬಾಯಲ್ಲಿ ಬರೋ ಮುಂದಿನ ಹೆಸರು ಮುಂಬೈ. ಡಿಸೆಂಬರ್‌ನಲ್ಲಿ ಐಐಟಿ ಬಾಂಬೆಯ ಟೆಕ್‌ಫೆಸ್ಟ್, ಮೂಡ್ ಇಂಡಿಗೋ ಅನ್ನೋ ನೆಪವೂ ಸಿಗುತ್ತೆ. ಕೂಡಲೇ ನಾವೆಲ್ಲ ಕೂತು ಪಟ್ಟಿ ಮಾಡ್ತೀವಿ: ಗೇಟ್‌ವೇ, ಎಲಿಫೆಂಟಾ, ಮರೀನ್ ಡ್ರೈವ್, ಜುಹು. ಪಟ್ಟಿಯೇನೋ ಸರಿಯಾಗೇ ಇರುತ್ತೆ. ಆದರೆ ಎಷ್ಟು ಹೊತ್ತಿಗೆ, ಯಾವ ದಿಕ್ಕಿಗೆ ಹೋಗಬೇಕು ಅನ್ನೋದು ಅದರಲ್ಲಿ ಇರಲ್ಲ. ಮುಂಬೈನಲ್ಲಿ ಅದು ಗೊತ್ತಿಲ್ಲದಿದ್ರೆ ಟ್ರಿಪ್ ಹಾಳಾಗುತ್ತೆ, ಕೆಲವೊಮ್ಮೆ ಜೀವಕ್ಕೂ ಅಪಾಯ. ಯಾಕೆ ಅಂತ ನೋಡೋಣ.

ಊರು ಯಾಕೆ ಉದ್ದಕ್ಕಿದೆ?

ಬೆಂಗಳೂರು ನಡುವಿನಿಂದ ಎಲ್ಲ ದಿಕ್ಕಿಗೂ ಬೆಳೆಯಿತು. ಮುಂಬೈಗೆ ಆ ಅವಕಾಶ ಇರಲಿಲ್ಲ. ಈಗಿನ ದಕ್ಷಿಣ ಮುಂಬೈ ಒಂದು ಕಾಲದಲ್ಲಿ 7 ದ್ವೀಪಗಳಾಗಿತ್ತು. 1661ರ ಮದುವೆ ಒಪ್ಪಂದದಲ್ಲಿ ಪೋರ್ಚುಗೀಸರು ಬಾಂಬೆಯನ್ನು ಇಂಗ್ಲೆಂಡಿನ ದೊರೆ ಎರಡನೇ ಚಾರ್ಲ್ಸ್‌ಗೆ ಬಳುವಳಿಯಾಗಿ ಕೊಟ್ಟರು. 1668ರಲ್ಲಿ ಅವನು ಅದನ್ನು ವರ್ಷಕ್ಕೆ 10 ಪೌಂಡ್ ಬಾಡಿಗೆಗೆ ಈಸ್ಟ್ ಇಂಡಿಯಾ ಕಂಪನಿಗೆ ಒಪ್ಪಿಸಿದ. ಮುಂದೆ ದ್ವೀಪಗಳ ನಡುವಿನ ನೀರಿಗೆ ಒಡ್ಡು ಕಟ್ಟಿ, ಮಣ್ಣು ತುಂಬಿ ಒಂದೇ ನೆಲ ಮಾಡಿದರು.

ಬಂದರು, ಕೋಟೆ, ಕೋರ್ಟು, ಬ್ಯಾಂಕು, ಆಫೀಸು ಎಲ್ಲ ದಕ್ಷಿಣದ ತುದಿಯಲ್ಲೇ ಬಂದವು. ಮೂರು ಕಡೆ ನೀರು, ಹಾಗಾಗಿ ಜನ ವಾಸಕ್ಕೆ ಹೋಗಬೇಕಾದದ್ದು ಉತ್ತರಕ್ಕೇ. 1853ರ ಏಪ್ರಿಲ್ 16ರಂದು ಬೋರಿ ಬಂದರ್‌ನಿಂದ ಠಾಣೆಗೆ 34 ಕಿ.ಮೀ. ರೈಲು ಓಡಿತು. ಭಾರತದ ಮೊದಲ ಪ್ರಯಾಣಿಕರ ರೈಲು ಅದು. ಆಮೇಲೆ ಊರು ಹಳಿಗುಂಟ ಬೆಳೆಯುತ್ತಾ ಹೋಯಿತು.

ಇದರ ಪರಿಣಾಮ ಇವತ್ತಿಗೂ ಇದೆ. ಬೆಳಿಗ್ಗೆ ಲಕ್ಷಾಂತರ ಜನ ದಕ್ಷಿಣಕ್ಕೆ ಹೋಗ್ತಾರೆ, ಸಂಜೆ ಅಷ್ಟೂ ಜನ ಉತ್ತರಕ್ಕೆ ವಾಪಸ್. ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸ್ ಬಂದಮೇಲೆ ಒಂದಷ್ಟು ಜನ ನಡುವೆಯೇ ಇಳಿಯುತ್ತಾರೆ. ಆದರೂ ಮುಖ್ಯ ಹರಿವು ಅದೇ.

ಹರಿವಿಗೆ ಎದುರಾಗಿ ಹೋಗಿ

ಮುಂಬೈ ಲೋಕಲ್‌ಗಳಲ್ಲಿ ದಿನಕ್ಕೆ ಸುಮಾರು 70 ಲಕ್ಷ ಜನ ಓಡಾಡ್ತಾರೆ. ಇತ್ತೀಚಿನ ವರ್ಷಗಳಲ್ಲಿ ಹಳಿ ದಾಟುವಾಗ, ರೈಲಿನಿಂದ ಬಿದ್ದು, ಹೀಗೆ ವರ್ಷಕ್ಕೆ 2000ಕ್ಕೂ ಹೆಚ್ಚು ಜನ ಸತ್ತಿದ್ದಾರೆ. ಎಸಿ ಇಲ್ಲದ ಬೋಗಿಗಳ ಬಾಗಿಲು ಮುಚ್ಚಲ್ಲ. ಸ್ಟೇಷನ್‌ನಲ್ಲಿ ಟ್ರೈನ್ ಅರ್ಧ ನಿಮಿಷ ನಿಂತರೆ ಹೆಚ್ಚು. ಅಲ್ಲಿನವರಿಗೆ ಬಾಗಿಲಲ್ಲಿ ನೇತಾಡೋದು ಅನಿವಾರ್ಯ. ನಮಗೆ ಅದು ರೀಲ್ಸ್ ಮಾಡೋ ಜಾಗ ಆಗಬಾರದು.

ಪ್ರವಾಸಿಗೆ ಒಂದು ಅನುಕೂಲ ಇದೆ: ಒಂಬತ್ತಕ್ಕೆ ಆಫೀಸ್ ಸೇರಬೇಕಾಗಿಲ್ಲ. ದಕ್ಷಿಣದಲ್ಲಿ ಉಳಿದುಕೊಂಡಿದ್ದರೆ ಬೆಳಿಗ್ಗೆ ಉತ್ತರಕ್ಕೆ ಹೊರಡಿ, ಸೀಟೂ ಸಿಗಬಹುದು. ಪೊವಾಯಿಯ ಕಡೆ ಉಳಿದಿದ್ದರೆ 11ರ ನಂತರ ದಕ್ಷಿಣಕ್ಕೆ ಹೋಗಿ, ಸಂಜೆ 5ರ ಒಳಗೆ ಅಥವಾ ರಾತ್ರಿ 9ರ ನಂತರ ವಾಪಸ್ ಬನ್ನಿ. ಭಾನುವಾರ ಜನ ಕಡಿಮೆ, ಆದರೆ ಹಳಿ ರಿಪೇರಿಗೆ ಮೆಗಾ ಬ್ಲಾಕ್ ಇರುತ್ತೆ, ಮೊದಲೇ ನೋಡಿಕೊಳ್ಳಿ.

ಮುಖ್ಯ ಲೈನು ಮೂರು. ಚರ್ಚ್‌ಗೇಟ್‌ನಿಂದ ವೆಸ್ಟರ್ನ್, ಸಿಎಸ್‌ಎಂಟಿಯಿಂದ ಸೆಂಟ್ರಲ್ ಮತ್ತು ಹಾರ್ಬರ್. ವೆಸ್ಟರ್ನ್‌ನಿಂದ ಸೆಂಟ್ರಲ್‌ಗೆ ಬದಲಾಯಿಸೋಕೆ ದಾದರ್. ಬೋರ್ಡಿನಲ್ಲಿ ಕೊನೆಯ ಸ್ಟೇಷನ್ ಹೆಸರಿನ ಜತೆ ಎಫ್ ಅಂತಿದ್ದರೆ ಫಾಸ್ಟ್, ಎಸ್ ಅಂತಿದ್ದರೆ ಸ್ಲೋ. ಫಾಸ್ಟ್ ಎಲ್ಲ ಕಡೆ ನಿಲ್ಲಲ್ಲ. ಅಂಧೇರಿಗೆ ಹೋಗೋಕೆ ಅಂತ ಸಂಜೆ ವಿರಾರ್ ಫಾಸ್ಟ್ ಹತ್ತಿದರೆ ಇಳಿಯೋಕೇ ಆಗದಿರಬಹುದು. ಬ್ಯಾಗನ್ನು ಎದೆ ಮೇಲೆ ಹಾಕಿಕೊಳ್ಳಿ, ಇಳಿಯೋ ಸ್ಟೇಷನ್‌ಗೆ ಮುಂಚೆಯೇ ಬಾಗಿಲ ಹತ್ತಿರ ಸರಿಯಿರಿ. ಹುಡುಗರು ಲೇಡೀಸ್ ಬೋಗಿಗೆ, ಸೆಕೆಂಡ್ ಕ್ಲಾಸ್ ಟಿಕೆಟ್‌ನವರು ಫಸ್ಟ್ ಕ್ಲಾಸ್‌ಗೆ ಹತ್ತಿದರೆ ದಂಡ ಗ್ಯಾರಂಟಿ. 1, 3, 5 ದಿನಗಳ ಟೂರಿಸ್ಟ್ ಟಿಕೆಟ್ ಕೂಡ ಇದೆ.

ನೆಲ ಯಾವುದು, ಸಮುದ್ರ ಯಾವುದು?

ದಕ್ಷಿಣ ಮುಂಬೈಯನ್ನು ನಡೆದೇ ನೋಡಬಹುದು. ಎಫ್. ಡಬ್ಲ್ಯೂ. ಸ್ಟೀವನ್ಸ್ ವಿನ್ಯಾಸ ಮಾಡಿದ ಸಿಎಸ್‌ಎಂಟಿ ಕಟ್ಟಡ 2004ರಿಂದ ಯುನೆಸ್ಕೋ ಪಟ್ಟಿಯಲ್ಲಿದೆ. ಅಲ್ಲಿಂದ ಓವಲ್ ಮೈದಾನಕ್ಕೆ ಹೋಗಿ ನಡುವೆ ನಿಂತುಕೊಳ್ಳಿ. ಪೂರ್ವಕ್ಕೆ ಹೈಕೋರ್ಟ್, ರಾಜಾಬಾಯಿ ಗಡಿಯಾರ ಗೋಪುರ, ಎಲ್ಲ ಗಾಥಿಕ್ ಶೈಲಿ. ಪಶ್ಚಿಮಕ್ಕೆ ದುಂಡನೆಯ ಬಾಲ್ಕನಿಗಳ ಆರ್ಟ್ ಡೆಕೋ ಮನೆಗಳು. ಎರಡೂ ಸೇರಿ 2018ರಲ್ಲಿ ಯುನೆಸ್ಕೋ ಮಾನ್ಯತೆ ಸಿಕ್ಕಿತು. ಆ ಪಶ್ಚಿಮದ ಸಾಲು ಮತ್ತು ಮರೀನ್ ಡ್ರೈವ್ ನಿಂತಿರೋದು ಸಮುದ್ರ ತುಂಬಿಸಿ ಮಾಡಿದ ನೆಲದ ಮೇಲೆ. ಎಲಿಫೆಂಟಾಗೆ ಗೇಟ್‌ವೇಯಿಂದ ದೋಣಿಯಲ್ಲಿ ಸುಮಾರು ಒಂದು ಗಂಟೆ. ಸೋಮವಾರ ಗುಹೆಗಳಿಗೆ ರಜೆ.

ಹೀಗೆ ತುಂಬಿಸಿದ ತಗ್ಗು ನೆಲ ಮಳೆಗಾಲದಲ್ಲಿ ಲೆಕ್ಕ ಕೇಳುತ್ತೆ. ಜೋರು ಮಳೆಯ ಹೊತ್ತಿಗೇ ಸಮುದ್ರದಲ್ಲಿ ಭರತ ಬಂದರೆ ಚರಂಡಿ ನೀರು ಹೊರಗೆ ಹೋಗಲ್ಲ, ಊರೊಳಗೇ ನಿಲ್ಲುತ್ತೆ. ಹಳಿ ಮುಳುಗಿದರೆ ಲೋಕಲ್ ನಿಂತುಹೋಗುತ್ತೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 24 ಗಂಟೆಯಲ್ಲಿ 944 ಮಿ.ಮೀ. ಮಳೆ ಬಿದ್ದಾಗ ಆದದ್ದೂ ಇದೇ. ಜೂನ್‌ನಿಂದ ಸೆಪ್ಟೆಂಬರ್ ನಡುವೆ ಹೋಗೋದಾದರೆ ಮಳೆ ಜತೆ ಭರತದ ಸಮಯವನ್ನೂ ನೋಡಿಯೇ ಹೊರಡಿ.

ನಮ್ಮವರ ಮುಂಬೈ

ಕನ್ನಡ ಸಂಘದವರಾಗಿ ಮಾಟುಂಗಾ ಬಿಟ್ಟು ಬರೋ ಹಾಗಿಲ್ಲ. ಉಡುಪಿ ಹೋಟೆಲುಗಳು, ಮೈಸೂರು ಅಸೋಸಿಯೇಷನ್ ಎಲ್ಲ ಇರೋದು ಅಲ್ಲೇ. ಹೊರಡೋ ಮುಂಚೆ ಯಶವಂತ ಚಿತ್ತಾಲರ 'ಶಿಕಾರಿ' ಅಥವಾ ಜಯಂತ ಕಾಯ್ಕಿಣಿಯವರ ಮುಂಬೈ ಕಥೆಗಳನ್ನು ಓದಿ. ಚಿತ್ತಾಲರು ವೃತ್ತಿಯಲ್ಲಿ ಪಾಲಿಮರ್ ತಂತ್ರಜ್ಞರು, ಅಂದರೆ ಒಂಥರಾ ನಮ್ಮ ಸೀನಿಯರ್!

ಈಗ ಪ್ಲಾನ್ ಹೀಗೆ ಹಾಕಬಹುದು. ಪೊವಾಯಿಯಿಂದ ಕಾಂಜೂರ್‌ಮಾರ್ಗ್‌ಗೆ ಬಂದು 11ರ ಮೇಲೆ ಸಿಎಸ್‌ಎಂಟಿ ಕಡೆಯ ಸ್ಲೋ ಟ್ರೈನ್ ಹತ್ತಿ. ಮಾಟುಂಗಾದಲ್ಲಿ ಇಳಿದು ಇಡ್ಲಿ, ಕಾಫಿ. ಆಮೇಲೆ ಸಿಎಸ್‌ಎಂಟಿ, ಓವಲ್, ಗೇಟ್‌ವೇ. ಸೂರ್ಯ ಮುಳುಗೋ ಹೊತ್ತಿಗೆ ಮರೀನ್ ಡ್ರೈವ್. ಆಗ ಎದ್ದು ಸ್ಟೇಷನ್‌ಗೆ ಓಡಬೇಡಿ, 9ರವರೆಗೆ ಅಲ್ಲೇ ಕೂತು ಹರಟೆ ಹೊಡೀರಿ. ದಿನವಿಡೀ ದುಡಿದವರು ಮೊದಲು ಮನೆ ಸೇರಲಿ. ನಮ್ಮ ಟ್ರೈನ್ ಆಮೇಲೂ ಸಿಗುತ್ತೆ.